ನಾನು ಬರೆದ ಸೊನ್ನೆಗಳು

ನನ್ನ ಕ್ಯಾನ್ಸರ್ ವಾಸಿಯಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಬರಹಗಳನ್ನು ಓದುವಾಗ ನಾನೂ ಮೊದಲು ಕೊನೆಯ ಪುಟ ತಿರುವಿ, ಬರೆದವರು ಬದುಕಿದ್ದಾರಾ ಎಂದು ಖಾತ್ರಿ ಮಾಡಿಕೊಂಡೇ ಶುರು ಮಾಡುತ್ತಿದ್ದೆ. ನಾನು ಬದುಕಿದ್ದೇನೆ. ಕೂದಲು ಬಂದಿದೆ, ಮೊದಲಿಗಿಂತ ಗುಂಗುರಾಗಿ. ಆದರೆ ಇದು ಗೆದ್ದವಳ ಕಥೆ ಅಂದುಕೊಳ್ಳಬೇಡಿ. ಆ ಏಳು ತಿಂಗಳಲ್ಲಿ ನಾನು ಒಂದೇ ಒಂದು ವಾದ ಗೆದ್ದೆ. ಅದನ್ನು ಸೋತಿದ್ದರೆ ಹರಿಹರದ ಒಬ್ಬ ಹೆಂಗಸಿನ ಬೆರಳುಗಳು ಇವತ್ತು ಚೆನ್ನಾಗಿರುತ್ತಿದ್ದವೇನೋ. ಈ ‘ಏನೋ’ ಕೂಡ ವಾದ ಮಾಡುವವಳ ಹಳೆಯ ಚಾಳಿ. ತಪ್ಪಿಸಿಕೊಳ್ಳಲು ಒಂದು ಸಂದು ಬಿಟ್ಟುಕೊಂಡೇ ಮಾತಾಡುವುದು.

ಹೈಸ್ಕೂಲಿನಿಂದಲೂ ನಾನು ಚರ್ಚಾಸ್ಪರ್ಧೆಯವಳು. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎದುರಾಳಿ ಉಸಿರು ತೆಗೆದುಕೊಳ್ಳುವ ಜಾಗ ಎಲ್ಲಿ ಬರುತ್ತದೆ, ಅಲ್ಲಿ ಹೇಗೆ ನುಗ್ಗಬೇಕು ಎನ್ನುವುದು ನನಗೆ ನಾಲಿಗೆಯ ಮೇಲಿದ್ದ ವಿದ್ಯೆ. ಗೆದ್ದ ಫಲಕಗಳನ್ನು ಅವ್ವ ಆನೆಕೊಂಡದ ನಮ್ಮ ಮನೆಯ ಟಿ.ವಿ. ಪಕ್ಕ ಸಾಲಾಗಿ ಇಟ್ಟಿದ್ದಾಳೆ. ಆಮೇಲೆ ರಸಾಯನಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿದೆ. ನನ್ನ ವಿಷಯವನ್ನು ಸರಳವಾಗಿ ಹೇಳುವುದಾದರೆ ಇಷ್ಟು: ಒಂದು ಲೋಹವನ್ನೂ ಕೆಲವು ಅಣುಗಳನ್ನೂ ದ್ರಾವಣದಲ್ಲಿ ಬೆರೆಸಿಟ್ಟರೆ, ಯಾರೂ ಜೋಡಿಸದೆ ಅವು ತಾವೇ ಒಂದನ್ನೊಂದು ಹಿಡಿದುಕೊಂಡು ಪಂಜರದಂಥ ಆಕಾರ ಕಟ್ಟಿಕೊಳ್ಳುತ್ತವೆ. ಬಿಡಿಯಾಗಿದ್ದಾಗ ಮಂಕು. ಕಟ್ಟಿಕೊಂಡ ಮೇಲೆ ನೇರಳಾತೀತ ದೀಪದ ಕೆಳಗೆ ಎಳೆ ಹಸಿರಾಗಿ ಹೊಳೆಯುತ್ತವೆ.

ಆ ದೀಪ ನೋಡುವಾಗ ಹಾಕಿಕೊಳ್ಳುವ ಕನ್ನಡಕದ ಪಟ್ಟಿ ಕಿವಿಯ ಹಿಂದೆ, ಕುತ್ತಿಗೆಯ ಮೇಲ್ಭಾಗಕ್ಕೆ ಒತ್ತುತ್ತಿತ್ತು. ಪಟ್ಟಿಯದೇ ತಪ್ಪು ಎಂದುಕೊಂಡು ಎರಡು ತಿಂಗಳು ಅದನ್ನು ಸಡಿಲ ಮಾಡುತ್ತಲೇ ಹೋದೆ. ಒತ್ತುತ್ತಿದ್ದದ್ದು ಪಟ್ಟಿಯಲ್ಲ, ಒಳಗಿನ ಗಡ್ಡೆ.

ಪಿ.ಜೆ. ಬಡಾವಣೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ಬಯಾಪ್ಸಿ ವರದಿ ಓದಿ ಲಿಂಫೋಮಾ ಎಂದಾಗ ನಾನು ಮಾಡಿದ ಮೊದಲ ಕೆಲಸ ಆಕ್ಷೇಪಣೆ. “ಮಾದರಿ ಅದಲುಬದಲು ಆಗಿರೋ ಸಾಧ್ಯತೆ ಎಷ್ಟು, ಸರ್?” ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ನಿಮ್ಮ ವಯಸ್ಸಿನೋರಿಗೆ ಬರೋ ಥರದ್ದೇ ಇದು. ವಾಸಿ ಆಗೋ ಥರದ್ದೂ ಹೌದು. ಮೊದಲು ಹೊರಗಡೆ ಕೂತಿರೋ ನಿಮ್ಮ ತಾಯೀನ ಕರೀರಿ.”

ಅವ್ವ ಹೊರಗೆ ಟೋಕನ್ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕೂತಿದ್ದಳು. ಒಳಗೆ ಬಂದು ಎಲ್ಲ ಕೇಳಿಸಿಕೊಂಡಳು. ಆಟೋ ಹತ್ತಿದ ಮೇಲೆ ಅವಳು ಆಡಿದ್ದು ಒಂದೇ ಮಾತು: “ಬೆಳಿಗ್ಗೆ ನೆನೆಹಾಕಿದ ಅಕ್ಕಿ ಹಂಗೇ ಐತೆ. ಹೋಗಿ ರುಬ್ಬಬೇಕು.” ಮನೆಗೆ ಬಂದವಳೇ ಗ್ರೈಂಡರ್ ಹಾಕಿದಳು. ಒಂದು ತಾಸಾದರೂ ಅದು ನಿಲ್ಲಲಿಲ್ಲ. ನೋಡಲು ಹೋದರೆ ಗ್ರೈಂಡರಿನಲ್ಲಿ ಹಿಟ್ಟೇ ಇರಲಿಲ್ಲ, ಯಾವಾಗಲೋ ಬಳಿದು ತೆಗೆದಾಗಿತ್ತು. ಆ ಸದ್ದಿನ ಮರೆಯಲ್ಲಿ ಅವ್ವ ಗೋಡೆಗೆ ಮುಖ ಮಾಡಿ ನಿಂತಿದ್ದಳು. ನಾನು ಹಾಗೇ ಹಿಂದಕ್ಕೆ ಬಂದೆ. ಅಪ್ಪ ನೆಂಟರಿಗೆಲ್ಲ ಥೈರಾಯ್ಡ್ ಎಂದು ಹೇಳಿದರು.

ಎರಡು ವಾರಕ್ಕೊಮ್ಮೆ, ಗುರುವಾರ, ನನಗೆ ಕೀಮೋ. ಆಸ್ಪತ್ರೆಯ ಹೆಸರು ಬೇಡ. ನೀವು ಹೋಗಿರುವ ಯಾವುದಾದರೂ ಆಸ್ಪತ್ರೆಯ ಹಾಲ್ ನೆನಪಿಸಿಕೊಳ್ಳಿ: ಒಂದಕ್ಕೊಂದು ಬೆಸೆದ ಕಬ್ಬಿಣದ ಕುರ್ಚಿಗಳು, ಸದ್ದು ಬಾರದ ಟಿ.ವಿ., ಹೆಸರು ಕೂಗಿದಾಗ ಎಲ್ಲರೂ ಒಟ್ಟಿಗೆ ಎತ್ತುವ ತಲೆಗಳು. ಅಲ್ಲಿ ಸಣ್ಣ ಸಣ್ಣ ಕರುಣೆಗಳೂ ಇದ್ದವು. ಎರಡನೇ ಸಲದಿಂದ ಹೋಟೆಲಿನ ಬೆಣ್ಣೆ ವಾಸನೆಗೇ ನನಗೆ ಹೊಟ್ಟೆ ತೊಳಸುತ್ತಿತ್ತು. ನಮ್ಮ ಆಟೋದವರು ಅದನ್ನು ಕನ್ನಡಿಯಲ್ಲಿ ನೋಡಿದ್ದರಂತೆ. ಮುಂದಿನ ಸಲದಿಂದ ಯಾರೂ ಹೇಳದೆಯೇ ದೋಸೆ ಹೋಟೆಲುಗಳಿಲ್ಲದ ಸುತ್ತು ದಾರಿ ಹಿಡಿಯುತ್ತಿದ್ದರು. ಅವರಿಗೆ ನಾನು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಆ ಹಾಲಿನಲ್ಲೇ ಜೈತುನಕ್ಕ ಸಿಕ್ಕಿದ್ದು. ಐವತ್ತರ ಆಸುಪಾಸಿನ, ಹರಿಹರದ ಹೆಂಗಸು. ಸ್ತನ ಕ್ಯಾನ್ಸರ್. ವಾರಕ್ಕೊಮ್ಮೆಯಂತೆ ಹನ್ನೆರಡು ಸಲ ಔಷಧಿ. ಬೆಳಿಗ್ಗೆ ಮಗಳು ಬಸ್ಸಿನಲ್ಲಿ ಕರೆತಂದು ಬಿಟ್ಟು, ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗಿ, ಸಂಜೆ ಬಂದು ಕರೆದೊಯ್ಯುತ್ತಿದ್ದಳು. ಜೈತುನಕ್ಕನ ಕಸುಬು ಸೀರೆಗೆ ಕುಚ್ಚು ಕಟ್ಟುವುದು. ಸ್ಟೀಲ್ ಡಬ್ಬಿಯಲ್ಲಿ ರೇಷ್ಮೆ ಎಳೆಗಳನ್ನು ತಂದು, ಹೆಸರು ಕೂಗುವವರೆಗೂ ಮಡಿಲಲ್ಲಿ ಸೆರಗು ಹರಡಿಕೊಂಡು ಕಟ್ಟುತ್ತಿದ್ದರು. ಕಣ್ಣು ಟಿ.ವಿ. ಕಡೆ, ಬೆರಳು ಎಳೆಯ ಕಡೆ.

“ನೋಡದೇ ಹೆಂಗೆ ಕಟ್ತೀರಿ ಅಕ್ಕ?”

“ಎಳೆ ಎಷ್ಟೈತೆ ಅಂತ ಬೆರಳಿಗೆ ಗೊತ್ತಾಗ್ತೈತಲ್ಲ ಬೇಟಿ. ಕಣ್ಣು ಯಾಕ ಬೇಕು? ನೀನೇನು ಓದ್ತಿ?”

ನನ್ನ ಪಂಜರಗಳ ಬಗ್ಗೆ ಹೇಳಿದೆ. ತಾವೇ ಕಟ್ಟಿಕೊಳ್ಳುತ್ತವೆ, ಯಾರೂ ಕೈ ಹಾಕಬೇಕಿಲ್ಲ ಎಂದೆ.

“ಯಾರೂ ಕಟ್ಟದೇ ತಾನೇ ಕಟ್ಟಿಕೊಳ್ತಾವಾ?” ಅವರು ಕೈ ನಿಲ್ಲಿಸಿದರು. “ಕುಚ್ಚಿಗೆ ಮಾತ್ರ ಅದನ್ನ ಕಲಿಸಬ್ಯಾಡ. ನನ್ ಹೊಟ್ಟೆ ಮ್ಯಾಲೆ ಹೊಡಿಬ್ಯಾಡ.”

ಆ ಹಾಲಿನಲ್ಲಿ ನಾನು ಮೊದಲ ಸಲ ನಕ್ಕಿದ್ದು ಆಗ.

ಮುಂದಿನ ಸಲ ಪುಷ್ಪಾ ಸಿಸ್ಟರ್ ಹಳದಿ ರಟ್ಟಿನ ಪುಸ್ತಕಗಳನ್ನು ಹಂಚಲು ಬಂದರು. ಅವರು ಅಲ್ಲಿನ ನರ್ಸ್, ಜೊತೆಗೆ ಪಿಎಚ್.ಡಿ.ಯನ್ನೂ ಮಾಡುತ್ತಿದ್ದರು. “ರೋಗ ವಾಸಿ ಮಾಡೋದು ಡಾಕ್ಟ್ರ ಕೆಲಸ. ಅಲ್ಲೀತನಕ ನೀವು ಪಡೋ ಕಷ್ಟಾನ ಹೆಂಗೆ ಕಡಿಮೆ ಮಾಡೋದು ಅನ್ನೋದು ನನ್ನ ರಿಸರ್ಚು,” ಎಂದರು. ಪ್ರತಿ ದಿನಕ್ಕೊಂದು ಪುಟ. ನೋವು, ವಾಕರಿಕೆ, ಸುಸ್ತು, ಬಾಯಿ ಹುಣ್ಣು, ಕೈಕಾಲು ಜುಮ್ಮೆನ್ನುವುದು, ಭಯ. ಪ್ರತಿಯೊಂದಕ್ಕೂ ಹತ್ತಕ್ಕೆ ಎಷ್ಟು ಎಂದು ನಾವೇ ಅಂಕ ಹಾಕಬೇಕು.

ನಾನು ಕೈ ಎತ್ತಿದೆ. ಆಸ್ಪತ್ರೆಯಲ್ಲಿ ಯಾರಾದರೂ ಕೈ ಎತ್ತುತ್ತಾರಾ? ನಾನು ಎತ್ತಿದೆ.

“ಸಿಸ್ಟರ್, ನನ್ನ ಐದೂ ಈ ಜೈತುನಕ್ಕನ ಐದೂ ಒಂದೇನಾ?”

“ಒಂದೇ ಇರಲ್ಲ.”

“ನನಗೆ ಸಿಟ್ಟು ಬಂದಿರೋ ದಿನ ಐದು ಏಳಾಗಬಹುದಾ?”

“ಆಗಬಹುದು.”

“ಹಂಗಾದ್ರೆ ಇದು ಅಳತೆ ಅಲ್ಲ, ಅನಿಸಿಕೆ. ಅನಿಸಿಕೆಗೆ ನಂಬರ್ ಹಚ್ಚಿಬಿಟ್ರೆ ವಿಜ್ಞಾನ ಆಗ್ತೈತಾ?”

“ಹಂಗಲ್ಲ ಚೇತನಾ, ನಾವು ನೋಡೋದು ನಿಮ್ಮ ನಿನ್ನೇದಕ್ಕೂ ಇವತ್ತಿಂದಕ್ಕೂ...”

ಅಲ್ಲಿ ಅವರು ಉಸಿರು ತೆಗೆದುಕೊಂಡರು. ನಾನು ನುಗ್ಗಿದೆ. “ನಿನ್ನೇದೂ ಅನಿಸಿಕೆನೇ ಅಲ್ವಾ, ಸಿಸ್ಟರ್?”

ಹಾಲ್ ನಕ್ಕಿತು. ಡ್ರಿಪ್ ಹಾಕಿಸಿಕೊಂಡು ಕೂತಿದ್ದ ಒಬ್ಬ ಯಜಮಾನರು, “ಈ ಹುಡುಗಿ ಲಾಯರ್ ಆಗಬೇಕಿತ್ತು ನೋಡ್ರಿ,” ಎಂದರು. ಪುಷ್ಪಾ ಸಿಸ್ಟರ್ ಪೆನ್ನಿನ ಮುಚ್ಚಳ ಹಾಕಿ, “ಬಲವಂತ ಏನಿಲ್ಲ. ಇಷ್ಟ ಇದ್ದೋರು ಬರೀರಿ,” ಎಂದು ಪುಸ್ತಕಗಳನ್ನು ಕುರ್ಚಿಯ ಮೇಲಿಟ್ಟು ಹೋದರು.

ಮನೆಗೆ ಬರುವಾಗ ಆಟೋದಲ್ಲಿ ಅವ್ವ, “ಆಯಮ್ಮ ಮಾತು ಮುಗಿಸೋತನಕ ಬಿಡಬೇಕಿತ್ತು ನೀನು,” ಎಂದಳು. ಸತ್ಯ ಹೇಳಬೇಕೆಂದರೆ, ವರದಿ ಬಂದಾಗಿನಿಂದ ಅಷ್ಟು ಹಗುರವಾಗಿ ನಾನು ಉಸಿರಾಡಿದ್ದು ಆವತ್ತೇ. ರಕ್ತ, ಕೂದಲು, ಹಸಿವು ಯಾವುದೂ ನನ್ನ ಮಾತು ಕೇಳುತ್ತಿರಲಿಲ್ಲ. ಆ ಹಾಲ್ ಕೇಳಿತ್ತು.

ನನ್ನ ಪುಸ್ತಕವನ್ನು ನಾನು ಖಾಲಿ ಬಿಟ್ಟೆ. ಬಾಯಿ ತುಂಬ ಹುಣ್ಣಾಗಿ ಒಂದು ವಾರ ಗಂಜಿಯೂ ಇಳಿಯದೆ ನರಳಿದೆ, ಹೇಳಲಿಲ್ಲ. ಹೇಳಿದ್ದರೆ ಬಾಯಿ ಮುಕ್ಕಳಿಸುವ ಒಂದು ಸಾಧಾರಣ ಔಷಧಿಯಿಂದ ಎರಡೇ ದಿನಕ್ಕೆ ಸಮಾಧಾನ ಸಿಗುತ್ತಿತ್ತಂತೆ. ಇದು ನನ್ನ ಬಾಯಿ, ನನ್ನ ಜಂಬ. ಇದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ನಾಚಿಕೆ ಮಾತ್ರ.

ಪಶ್ಚಾತ್ತಾಪ ಇರುವುದು ಇನ್ನೊಂದಕ್ಕೆ.

ಜೈತುನಕ್ಕನಿಗೆ ಅಂಕಿ ಗೊತ್ತಿತ್ತು, ಆದರೆ ಓದಲು ಬರುತ್ತಿದ್ದದ್ದು ಉರ್ದು ಮಾತ್ರ. ಯಾವ ಸಾಲು ಯಾವುದಕ್ಕೆ ಎಂದು ತಿಳಿಯದೆ, ತಮ್ಮ ನಾಲ್ಕನೇ ವಾರದ ದಿನ ಹಳದಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಮಗಳ ಹತ್ತಿರ ಬರೆಸಿದರೆ ಗಾಬರಿಯಾಗಿ ಕುಚ್ಚಿನ ಕೆಲಸವನ್ನೇ ಬಿಡಿಸುತ್ತಾಳೆ ಎಂಬ ಅಂಜಿಕೆ ಅವರಿಗೆ. ಆಮೇಲೆ ಡಬ್ಬಿಯಿಂದ ಒಂದು ಕೆಂಪು ಎಳೆ ತೆಗೆದರು. ಅದರ ಮೇಲೆ ನಾಲ್ಕು ಗಂಟುಗಳಿದ್ದವು.

“ಬೆರಳ ತುದಿ ಜುಮ್ ಜುಮ್ ಅಂದ ದಿನಕ್ಕೆ ಒಂದು ಗಂಟು ಹಾಕೀನಿ. ಜೋರಿದ್ರೆ ದಪ್ಪ ಗಂಟು. ಇದನ್ನ ನೋಡಿ ಬರಿ.”

ಕುಚ್ಚು ಕಟ್ಟುವವರೆಲ್ಲ ನೆನಪಿಗೆ ಹೀಗೆ ಎಳೆಗೆ ಗಂಟು ಹಾಕಿಟ್ಟುಕೊಳ್ಳುತ್ತಾರಂತೆ: ಯಾರ ಸೀರೆ, ಎಷ್ಟು ಕುಚ್ಚು, ಇನ್ನೆಷ್ಟು ಬಾಕಿ. ನಾನು ಆ ಎಳೆಯನ್ನು ಬೆಳಕಿಗೆ ಹಿಡಿದು, ಮುದ್ದಾಗಿದೆ ಎನ್ನುವ ಹಾಗೆ ನಕ್ಕು ವಾಪಸು ಕೊಟ್ಟೆ.

“ಅಕ್ಕ, ಇವತ್ತು ಬೆಳಿಗ್ಗೆ ಕುಚ್ಚು ಕಟ್ಟಿದ್ರಲ್ಲ?”

“ಹೂಂ, ಕಟ್ಟೀನಿ.”

“ಕೆಲಸ ನಿಂತಿಲ್ಲ ತಾನೆ?”

“ಇಲ್ಲ.”

“ಹಂಗಾದ್ರೆ ಸೊನ್ನೆ. ಕೆಲಸಕ್ಕೆ ತೊಂದ್ರೆ ಆಗ್ದೇ ಇರೋದನ್ನ ನಂಬರ್ ಮಾಡಿದ್ರೆ ಅರ್ಥ ಇಲ್ಲ ಅಕ್ಕ.”

ಅವರು ಎಳೆಯನ್ನು ಒಮ್ಮೆ ನೋಡಿಕೊಂಡರು. “ಓದಿದೋಳು ನೀನು. ಸೊನ್ನೆ ಇದ್ರೆ ಒಳ್ಳೇದೇ ಬಿಡು, ಔಷಧಿ ನಿಲ್ಲಿಸದೇ ಬೇಗ ಮುಗಿಸ್ತಾರೆ.” ಎಳೆ ಡಬ್ಬಿಗೆ ಹೋಯಿತು. ನಾನು ಎರಡು ವಾರದ ಹದಿನಾಲ್ಕು ಪುಟಕ್ಕೆ ಹದಿನಾಲ್ಕು ಸೊನ್ನೆ ಬರೆದೆ. ಲ್ಯಾಬಿನಲ್ಲಿ ಅಕ್ಷರ ‘ಓ’ ಜೊತೆ ಗೊಂದಲವಾಗಬಾರದೆಂದು ನಾವು ಸೊನ್ನೆಯೊಳಗೆ ಒಂದು ಓರೆಗೆರೆ ಎಳೆಯುತ್ತೇವೆ. ಇಲ್ಲೂ ಎಳೆದೆ. ಅಷ್ಟು ಶಿಸ್ತು ನನ್ನದು.

ಆರನೇ ವಾರ ಎಳೆಯ ಮೇಲೆ ಗಂಟುಗಳು ಒತ್ತೊತ್ತಾಗಿ, ದಪ್ಪವಾಗಿ ಬಂದಿದ್ದವು. ನಾನು ಅದೇ ಪ್ರಶ್ನೆ ಕೇಳಿ ಮತ್ತೆ ಸೊನ್ನೆ ಬರೆದೆ. ಎಂಟನೇ ವಾರ ಅವರು ಎಳೆಯನ್ನು ಹೊರಗೆ ತೆಗೆಯಲೇ ಇಲ್ಲ. “ಸೊನ್ನೆ ತಾನೆ, ಬರ್ಕೋ,” ಎಂದರು. ನಾನಿಲ್ಲದ ಗುರುವಾರಗಳಲ್ಲಿ ಪುಷ್ಪಾ ಸಿಸ್ಟರ್ ಬಾಯಿಮಾತಿನಲ್ಲಿ ಕೇಳಿದಾಗಲೂ, “ಬುಕ್ಕಿನಾಗ ಐತಲ್ಲ ಮೇಡಂ,” ಎಂದು ಬಿಡುತ್ತಿದ್ದರಂತೆ. ನನ್ನ ಎದುರಾಳಿಗಳು ಸೋಲೊಪ್ಪಿಕೊಂಡಾಗ ನನಗೆ ಖುಷಿಯಾಗುತ್ತಿತ್ತು. ಇಲ್ಲಿ ಒಬ್ಬರು ತಮ್ಮ ಬೆರಳನ್ನೇ ನಂಬುವುದನ್ನು ಬಿಟ್ಟಿದ್ದರು, ನನಗೆ ಗೊತ್ತೇ ಆಗಲಿಲ್ಲ.

ಆ ಎಂಟನೇ ವಾರದ ದಿನವೇ ಜೈತುನಕ್ಕ, ಅವ್ವ ಕೊಟ್ಟಿದ್ದ ಒಂದು ಸೀರೆಗೆ ಕುಚ್ಚು ಕಟ್ಟಿ ತಂದುಕೊಟ್ಟಿದ್ದರು. ಮುಂದಿನ ವಾರ ಯಾರದೋ ಮನೆಯ ಆರತಿಗೆ ಹೊರಟ ಅವ್ವ ಆ ಸೀರೆ ಉಟ್ಟು ಸೆರಗು ಹೊದ್ದಳು. ಎರಡು ಕುಚ್ಚು ಬಿಚ್ಚಿಕೊಂಡು ನೆಲಕ್ಕೆ ಬಿದ್ದವು. ಮೂರನೆಯದನ್ನು ಮುಟ್ಟಿದರೆ ಅದೂ ಕೈಗೆ ಬಂತು. “ಗಂಟೇ ಬಿಗಿ ಇಲ್ಲ,” ಎಂದಳು ಅವ್ವ. “ಜೈತುನ್‌ಬಿ ಕೈ ಹಿಂಗಲ್ಲ. ಏನೋ ಆಗೈತೆ ಆಯಮ್ಮಗೆ.”

ಹತ್ತನೇ ವಾರದ ಬೆಳಿಗ್ಗೆ ನಾನು ಹಾಲಿಗೆ ಹೋದಾಗ ಅವರು ಕುಚ್ಚು ಕಟ್ಟುತ್ತಿರಲಿಲ್ಲ. ಕ್ಯಾಂಟೀನಿನ ಸ್ಟೀಲ್ ಲೋಟದಲ್ಲಿ ಚಹಾ ಹಿಡಿದು ಕೂತಿದ್ದರು. ನನಗೂ ಒಂದು ಲೋಟ ಕೊಟ್ಟರು. ನಾನು ಮುಟ್ಟಿ, ಸುಟ್ಟು, ತಕ್ಷಣ ಕುರ್ಚಿಯ ಮೇಲಿಟ್ಟೆ. ಅವರು ಅದೇ ಬಿಸಿಯ ಲೋಟವನ್ನು ಎರಡೂ ಕೈಯಲ್ಲಿ ಆರಾಮಾಗಿ ಹಿಡಿದಿದ್ದರು.

“ಅಕ್ಕ, ಸುಡ್ತಿಲ್ವಾ?”

“ಏನು?” ಎಂದರು ಅವರು.

ನಾನು ಪುಷ್ಪಾ ಸಿಸ್ಟರನ್ನು ಹುಡುಕಿಕೊಂಡು ಓಡಿದೆ. ಡಾಕ್ಟರೂ ಬಂದರು. ಜೈತುನಕ್ಕನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಒಂದೊಂದೇ ಬೆರಳ ತುದಿ ಸವರಿ, “ಈಗ ಮುಟ್ಟಿದ್ನಾ? ಈಗ?” ಎಂದು ಕೇಳಿದರು. ಪ್ರತಿ ಸಲವೂ ಜೈತುನಕ್ಕ ಸ್ವಲ್ಪ ಹೊತ್ತು ಯೋಚಿಸಿ ತಪ್ಪು ಉತ್ತರ ಕೊಟ್ಟರು, ಪರೀಕ್ಷೆಯಲ್ಲಿ ಕೂತ ಹುಡುಗಿಯ ಹಾಗೆ. “ಯಾವಾಗಿಂದ ಹಿಂಗೈತೆ?” ಎಂದು ಡಾಕ್ಟರು ಹಳದಿ ಪುಸ್ತಕ ತೆಗೆದರು. ಸೊನ್ನೆ, ಸೊನ್ನೆ, ಸೊನ್ನೆ. ಆಗ ಜೈತುನಕ್ಕ ಮೆಲ್ಲಗೆ ಡಬ್ಬಿ ತೆರೆದು ಕೆಂಪು ಎಳೆ ಕೊಟ್ಟರು. ಯಾವ ಗಂಟು ಯಾವ ವಾರದ್ದೆಂದು ಅವರು ಹೇಳುತ್ತಿದ್ದಂತೆ, ಡಾಕ್ಟರು ಅದನ್ನು ಉಗುರಿನಿಂದ ಗಂಟು ಗಂಟಾಗಿ ಎಣಿಸಿಕೊಂಡು ಹೋದರು. ಹಾಲಿನಲ್ಲಿ ಯಾರೂ ನಗಲಿಲ್ಲ.

“ನಾಲ್ಕನೇ ವಾರಕ್ಕೇ ಶುರು ಆಗೈತಲ್ರಿ ಇದು. ಆರನೇ ವಾರಕ್ಕಾದ್ರೂ ಗೊತ್ತಾಗಿದ್ರೆ ಡೋಸ್ ಕಡಿಮೆ ಮಾಡ್ತಿದ್ವಿ.” ಉಳಿದ ಮೂರು ಸಲವನ್ನು ಬೇರೆ ರೀತಿ ಕೊಡುವುದೆಂದು ತೀರ್ಮಾನವಾಯಿತು. ಸ್ಪರ್ಶ ಸ್ವಲ್ಪ ಮರಳಬಹುದು, ಪೂರ್ತಿ ಮರಳದೆಯೂ ಇರಬಹುದು ಎಂದರು.

ಡಾಕ್ಟರು ಹೋದ ಮೇಲೆ ಪುಷ್ಪಾ ಸಿಸ್ಟರ್ ನನ್ನನ್ನು ಕಾರಿಡಾರಿಗೆ ಕರೆದರು. “ಸೊನ್ನೆಗೆ ಓರೆಗೆರೆ ಎಳೆಯೋರು ಈ ಹಾಲ್‌ನಲ್ಲಿ ಬೇರೆ ಯಾರೂ ಇಲ್ಲ ಚೇತನಾ.” ಬೈಯಲಿಲ್ಲ. ಬೈದಿದ್ದರೆ ಉತ್ತರ ಹುಡುಕುತ್ತಿದ್ದೆನೇನೋ. “ಆ ಪುಟಗಳನ್ನ ನನ್ನ ರಿಸರ್ಚಿನಿಂದ ತೆಗೆದುಹಾಕ್ತೀನಿ, ಅದು ದೊಡ್ಡದಲ್ಲ. ಆದ್ರೆ ಆ ನಂಬರು ನನ್ನ ಪ್ರಬಂಧಕ್ಕೆ ಅಂತ ಇರಲಿಲ್ಲ. ನಿನ್ನೇಗಿಂತ ಇವತ್ತು ಜಾಸ್ತಿ ಆಗೈತಾ ಅಂತ ನೋಡಿ ಡಾಕ್ಟ್ರಿಗೆ ತೋರಿಸೋಕೆ ಇತ್ತು.”

ಪುಸ್ತಕ ಹಂಚಿದ ದಿನ ನಾನು ಕತ್ತರಿಸಿದ್ದ ವಾಕ್ಯ ಅಷ್ಟೇ. ಪೂರ್ತಿಯಾಗಲು ಇನ್ನು ನಾಲ್ಕು ಪದ ಬೇಕಿತ್ತು.

ನನ್ನ ಚಿಕಿತ್ಸೆ ಮುಗಿಯಿತು, ಸ್ಕ್ಯಾನಿನಲ್ಲಿ ರೋಗದ ಗುರುತು ಉಳಿದಿರಲಿಲ್ಲ. ಅವ್ವ ಆವತ್ತೂ ಗ್ರೈಂಡರ್ ಹಾಕಿದಳು, ಈ ಸಲ ಒಳಗೆ ಹಿಟ್ಟಿತ್ತು. ಲ್ಯಾಬಿಗೆ ಮರಳಿದ ದಿನ ಹಳೆಯ ನೋಟ್‌ಬುಕ್ ತೆರೆದೆ. ಹೊಳಪನ್ನು ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಮಾದರಿಯನ್ನು ಬೇರೆ ಊರಿಗೆ ಕಳಿಸಿ ಸರದಿ ಕಾಯಬೇಕು. ಅಲ್ಲಿಯವರೆಗೆ ಸೀಸೆಯನ್ನು ಕಪ್ಪು ಡಬ್ಬಿಯಲ್ಲಿಟ್ಟು, ದೀಪ ಹಚ್ಚಿ, ಬರಿಗಣ್ಣಲ್ಲಿ ನೋಡಿ ಅಂಕ ಹಾಕುತ್ತೇವೆ. ಹತ್ತಕ್ಕೆ. ನನ್ನದೇ ಕೈಬರಹ: “ಹತ್ತಕ್ಕೆ ಆರು. ನಿನ್ನೆಗಿಂತ ಮಂಕು. ಪಂಜರ ಬಿಚ್ಚಿಕೊಳ್ಳುತ್ತಿದೆ. ಇವತ್ತೇ ದ್ರಾವಕ ಬದಲಿಸಬೇಕು.” ಅದೇ ದಿನ ಬದಲಿಸಿಯೂ ಇದ್ದೆ. ನನ್ನ ಕಣ್ಣಿನ ಆರು, ಪಕ್ಕದ ಮೇಜಿನವರ ಕಣ್ಣಿನ ಆರು ಒಂದೇನಾ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಒಂದು ಗಾಜಿನ ಸೀಸೆಗೆ ಸಿಕ್ಕ ಉಪಚಾರ ಜೈತುನಕ್ಕನಿಗೆ ನನ್ನಿಂದ ಸಿಗಲಿಲ್ಲ.

ಆ ಭಾನುವಾರ ಹರಿಹರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ, ಪೀಠಿಕೆ, ವಾದ, ಉಪಸಂಹಾರ. ಅವರು ಬಾಗಿಲಲ್ಲೇ ಚಾಪೆ ಹಾಕಿಕೊಂಡು, ಬಿಸಿಲು ಬೀಳುವ ಕಡೆ ಸೀರೆ ಹರಡಿ ಕೂತಿದ್ದರು. ಈಗ ಕಣ್ಣು ಎಳೆಯ ಮೇಲೇ ಇತ್ತು. ಮೊದಲು ದಿನಕ್ಕೊಂದು ಸೀರೆ ಮುಗಿಸುತ್ತಿದ್ದವರಿಗೆ ಈಗ ವಾರಕ್ಕೊಂದು ಆದರೆ ಹೆಚ್ಚು.

“ಅಕ್ಕ, ಆ ಸೊನ್ನೆ ಬರೆದದ್ದು ನನ್ನ ತಪ್ಪು,” ಎಂದೆ. ಪೀಠಿಕೆ ಎಲ್ಲಿ ಹೋಯಿತೋ.

ಅವರು ತಲೆ ಎತ್ತಲಿಲ್ಲ. “ಹೌದು,” ಎಂದರು. ಕೈಯಲ್ಲಿದ್ದ ಗಂಟನ್ನು ಎಳೆದು ಬಿಗಿ ಮಾಡಿ, “ಬರೆಸಿದ್ದು ನಾನು. ಗಂಟು ಹಾಕಿದ್ದೂ ನಾನೇ. ನಿನ್ನ ಮಾತು ಕೇಳಿ ಗಂಟು ಸುಳ್ಳು ಅಂದ್ಕೊಂಡೆ. ಹೇಳ್ಕೊಂಡು ಏನು ಮಾಡೋದು. ಕೂಡು. ಇದರಾಗ ಎಂಟೆಂಟು ಎಳೆ ಬಿಡಿಸಿಕೊಡು, ನನ್ ಬೆರಳಿಗೆ ಗೊತ್ತಾಗಲ್ಲ.”

ಕೂತೆ. ಬಿಡಿಸಿಕೊಟ್ಟೆ. ನಾನು ಮೊದಲು ಕೊಟ್ಟ ಕಟ್ಟಿನಲ್ಲಿ ಒಂಬತ್ತು ಎಳೆ ಇತ್ತು. ಅವರು ಕಣ್ಣಿಗೆ ಹತ್ತಿರ ಹಿಡಿದು ಎಣಿಸಿ, “ಇಷ್ಟು ಓದಿ ಎಂಟು ಎಣಿಸೋಕೆ ಬರಲ್ವಾ?” ಎಂದು ವಾಪಸು ಎಸೆದರು.

ಆಮೇಲಿಂದ ಬಿಡುವಾದ ಭಾನುವಾರಗಳಲ್ಲಿ ಹೋಗುತ್ತೇನೆ. ಪುಷ್ಪಾ ಸಿಸ್ಟರ್ ಇನ್ನೊಂದು ಹಳದಿ ಪುಸ್ತಕ ಕೊಟ್ಟಿದ್ದಾರೆ. ಚಿಕಿತ್ಸೆ ಮುಗಿದ ಮೇಲೂ ಬೆರಳು ಹೇಗಿವೆ ಎಂದು ಬರೆಯುತ್ತ ಹೋಗಬೇಕಂತೆ. ಜೈತುನಕ್ಕ ಎಳೆಗೆ ಗಂಟು ಹಾಕುವುದನ್ನು ಬಿಟ್ಟಿದ್ದಾರೆ, ಆ ಗಂಟು ಈಗ ಅವರ ಬೆರಳಿಗೆ ಸಿಗುವುದಿಲ್ಲ. ಹಾಗಾಗಿ ವಾರದ ದಿನಗಳಲ್ಲಿ ಮಗಳು ಕೇಳಿ ಬರೆಯುತ್ತಾಳೆ, ಭಾನುವಾರದ ಪುಟ ನನ್ನದು.

ಕಳೆದ ಭಾನುವಾರ ಕೇಳಿದೆ. “ಇವತ್ತು ಬೆರಳು ಹತ್ತಕ್ಕೆ ಎಷ್ಟು ಅಕ್ಕ?”

“ಏಳು.”

“ನಿನ್ನೆ?”

“ನಿನ್ನೇನೂ ಏಳು.” ಸೂಜಿ ಹಿಡಿದ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. “ಯಾಕ, ಏಳು ಹೆಂಗಾಗ್ತೈತೆ ಅಂತ ಕೇಳಲ್ವಾ? ಕುಚ್ಚು ಕಟ್ಟಿದ್ರಲ್ಲ ಅಂತ ಕೇಳಲ್ವಾ?”

ಅವರು ಉಸಿರು ತೆಗೆದುಕೊಂಡರು. ನಾನು ಕಾದೆ. ಅವರು ಇನ್ನೇನೂ ಹೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಏಳು ಎಂದು ಬರೆದುಕೊಂಡೆ.